ಕೊಟ್ಟೂರಿನ ಓಣಿಯಲ್ಲಿ ಒಂದು ಸ್ಕ್ರ್ಯಾಚ್

ಕಾರು ತಂದ ದಿನದಿಂದ ನಮ್ಮ ಮನೆಯವರ ಬಾಯಲ್ಲಿ ಒಂದೇ ಮಾತು: "ಸ್ಕ್ರ್ಯಾಚ್ ಆಗಬಾರ್ದು." ನನಗೆ ಲೈಸೆನ್ಸ್ ಇದ್ದರೂ ಅವರು ಕಾರು ಕೊಡಲು ಎಂಟು ತಿಂಗಳು ಬೇಕಾಯಿತು. ಅದೂ ಅತ್ತೆಯನ್ನು ಕೂಡ್ಲಿಗಿಯಿಂದ ಕೊಟ್ಟೂರಿಗೆ, ಅವರ ತಂಗಿಯ ಮನೆಗೆ ಕರೆದೊಯ್ದು ಬರಲು.

ತಂಗಿಯ ಮನೆಯ ಓಣಿ ತೀರಾ ಇಕ್ಕಟ್ಟು. ಎದುರಿಗೆ ಮಂಡಕ್ಕಿ ಚೀಲ ಹೇರಿದ ಟ್ರ್ಯಾಕ್ಟರ್ ಬಂತು. ದಾರಿ ಬಿಡಲು ನಾನು ಎಡಗಡೆಯ ಕಲ್ಲುಕಟ್ಟೆಗೆ ಒತ್ತಿ ನಿಲ್ಲಿಸಿದೆ. ಟ್ರ್ಯಾಕ್ಟರ್ ದಾಟಿತು, ಆದರೆ ಟ್ರೇಲರಿನ ಗಾಲಿ ಚರಂಡಿಯ ಚಪ್ಪಡಿ ಮುರಿದು ಒಳಗಿಳಿಯಿತು. ಟ್ರೇಲರ್ ಓರೆಯಾಗಿ ನಿಂತು, ಅದರ ಕಬ್ಬಿಣದ ಮೂಲೆ ನನ್ನ ಬಾಗಿಲಿಗೆ ಒತ್ತಿಕೊಂಡಿತು. ಅತ್ತೆಯ ಕಡೆಯ ಬಾಗಿಲು ಕಟ್ಟೆಯಿಂದಾಗಿ ನಾಲ್ಕು ಬೆರಳಷ್ಟೂ ತೆರೆಯಲಿಲ್ಲ. ಹಿಂದೆ ಬೈಕುಗಳು ಬಂದು ನಿಂತಿದ್ದವು.

"ಮುಂದಕ್ ತಗೀರಿ ಅಕ್ಕಾರ, ಬರೇ ಸ್ಕ್ರ್ಯಾಚ್ ಆಗ್ತತಿ, ಮತ್ತೇನಿಲ್ಲ," ಎಂದ ಕಟ್ಟೆಯ ಮೇಲೆ ನಿಂತಿದ್ದ ಒಬ್ಬ.

"ಆಗೋದಿಲ್ರಿ," ಎಂದು ಎಂಜಿನ್ ಆರಿಸಿದೆ.

ಮಧ್ಯಾಹ್ನದ ಬಿಸಿಲು. ಕಿಟಕಿ ಇಳಿಸಿದರೆ ಕಾದ ಕಬ್ಬಿಣದ ಝಳ, ಏರಿಸಿದರೆ ಉಸಿರೇ ಇಲ್ಲ. ಚೀಲ ಇಳಿಸುತ್ತಿದ್ದವರು ಗಾಜಿನೊಳಗೆ ಇಣುಕಿ ನೋಡುತ್ತಿದ್ದರು. ಅರ್ಧ ಗಂಟೆಯಾದರೂ ಗಾಲಿ ಮೇಲೇಳಲಿಲ್ಲ. ಅತ್ತೆಯ ಕುಪ್ಪಸ ಬೆನ್ನಿಗೆ ಅಂಟಿತ್ತು.

"ಅದೇನಬೇ ಸ್ಕ್ರ್ಯಾಚ್ ಅಂದ್ರ? ಅಂವನೂ ದಿನಾ ಅದನ್ನ ಅಂತಾನ."

"ಗೀರು ರೀ ಅತ್ತಿ. ಬಣ್ಣ ಕೆರೆದು ಹೋಗೋದು."

ಅವರು ನನ್ನನ್ನೇ ನೋಡಿದರು. "ಬರೇ ಗೀರಾ? ನಾನು ಕಾರು ಮುರುದು ಬೀಳೋದು ಅನ್ಕಂಡಿದ್ದೆ. ಗೀರಿಗೆ ಹೆದ್ರಿ ಒಳಗ ಬೇಯಾಣೇನು? ನಡಿ."

"ಅವ್ರು ಸಿಟ್ಟಾಗ್ತಾರ್ರಿ."

"ನಾ ಹೇಳ್ತೀನಿ. ನಡಿ."

ಗೇರ್ ಹಾಕಿದೆ. ಕಬ್ಬಿಣ ಕರಕರ ಕೆರೆದದ್ದು ನನ್ನ ಹಲ್ಲಿನವರೆಗೆ ಮುಟ್ಟಿತು. ಕಾರು ಹೊರಬಂತು. ಅತ್ತೆ ಇಳಿದು ಸುತ್ತಿ ಬಂದು, ಹಿಂದಿನ ಬಾಗಿಲವರೆಗೂ ಹೋಗಿದ್ದ ಮೊಳದುದ್ದದ ಗೀರನ್ನು ಸೆರಗಿನಿಂದ ಒರೆಸಿದರು, ಧೂಳೇನೋ ಎಂಬಂತೆ.

ಸಂಜೆ ಮನೆ ಮುಟ್ಟುತ್ತಲೇ ಅತ್ತೆ ಮಗನಿಗೆ ತಾವೇ ಹೇಳಿದರು: "ನಡಿ ಅಂದಾಕಿ ನಾನು. ಆಕಿದೇನೂ ತಪ್ಪಿಲ್ಲ."

ನಮ್ಮ ಮನೆಯವರು ಬಾಗಿಲ ಮೇಲೆ ಬೆರಳಾಡಿಸಿದರು. "ನಿನಗೇನ್ ಗೊತ್ತಾಗ್ತತಿ, ಸುಮ್ನಿರಬೇ," ಎಂದು ತಾಯಿಗೆ ಹೇಳಿ, ನನ್ನ ಕೈಯಿಂದ ಕೀ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ನನಗೆ ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬಣ್ಣ ಹಚ್ಚಿಸಿಯಾಗಿದೆ, ಈಗ ಏನೂ ಕಾಣುವುದಿಲ್ಲ. ಕೀ ಇನ್ನೂ ಅವರ ಬಳಿಯೇ ಇದೆ. ಕೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆಮೇಲೆ ಚಹಾ ಬೇಕೇನು ಎಂದು ಕೇಳಿ ಒಳಗೆ ಹೋಗಿದ್ದೇನೆ.