ಬೆನ್ನ ಮೇಲೆ ಬಾರಿಸಿದ ತ್ರಿವುಡೆ

ಆಗೆಲ್ಲ ನಮ್ಮೂರು ತ್ರಾಸಿಯಲ್ಲಿ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿದರೆಂದರೆ ನಮಗೆ ಮಕ್ಕಳ ಯಕ್ಷಗಾನದ ತರಗತಿ ಶುರುವಾಯಿತೆಂದೇ ಲೆಕ್ಕ. ಶಾಲೆಯ ಜಗಲಿ, ಒದ್ದೆ ಚೀಲಗಳ ಮುಗ್ಗಲು ವಾಸನೆ, ಯಾರದೋ ಜೇಬಿನಲ್ಲಿ ಹಲಸಿನ ಹಪ್ಪಳ. ನಿಮಗೂ ಇಂಥ ಜಗಲಿಯೊಂದು ಇದ್ದಿರಬಹುದು. ನಮ್ಮ ಮೇಷ್ಟ್ರಂಥವರು ಇರದಿದ್ದರೆ ನೀವು ಪುಣ್ಯವಂತರು.

ಚೆಂಡೆ ಮುಟ್ಟುವ ಮೊದಲು ಮರದ ಹಲಗೆಯ ಮೇಲೆ ಕೋಲಿನಿಂದ ಬಾರಿಸಿ ಕಲಿಯಬೇಕು. ನಾಲ್ಕರ ತಾಳ ಎಲ್ಲರಿಗೂ ಬರುತ್ತಿತ್ತು. ಕಷ್ಟವೆಲ್ಲ ತ್ರಿವುಡೆ ತಾಳದ್ದು. ತಕಿಟ, ತಕಧಿಮಿ, ಮೂರಾದ ಮೇಲೆ ನಾಲ್ಕು, ಒಟ್ಟು ಏಳು. ಕೈ ಸುಮ್ಮನಿರದೆ ಎಂಟಕ್ಕೆ ಹೋಗುತ್ತದೆ, ಅಲ್ಲಿ ಎಂಟೇ ಇಲ್ಲ. ಮೇಷ್ಟ್ರು ಒಬ್ಬರನ್ನು ನಡುವೆ ಕೂರಿಸಿ ಏಳು ಬಾರಿಸಲು ಹೇಳುತ್ತಿದ್ದರು. ಉಳಿದವರು ಸುತ್ತ ನಿಂತು ನಾಲ್ಕರ ತಾಳಕ್ಕೆ ಚಪ್ಪಾಳೆ ತಟ್ಟಿ ಅವರ ಲೆಕ್ಕ ತಪ್ಪಿಸಬೇಕು. ತಪ್ಪಿದರೆ ಬೆರಳ ಗೆಣ್ಣಿಗೆ ಕೋಲಿನ ಏಟು. ಅತ್ತರೆ ಚಪ್ಪಾಳೆ ಇನ್ನೂ ಜೋರು.

ಒಂದು ದಿನ ನನಗೆ ಹೊಳೆಯಿತು: ಎಣಿಸಲೇಬಾರದು. ತಕಿಟಕ್ಕೆ ಉಸಿರು ಎಳೆದು ತಕಧಿಮಿಗೆ ಬಿಟ್ಟರೆ ಆಯಿತು, ಬಿಡುವುದು ಚೂರು ಉದ್ದ. ಅವತ್ತು ಚಪ್ಪಾಳೆ ತಟ್ಟಿದವರ ಕೈ ಸೋತಿತು, ನಾನು ತಪ್ಪಲಿಲ್ಲ. ಕಿರಿಮಂಜೇಶ್ವರದಲ್ಲಿ ನಾವಾಡುವ ಯಕ್ಷಗಾನದ ಆಟಕ್ಕೆ ಚೆಂಡೆ ನನ್ನದೇ ಎಂದು ಅಮ್ಮನಿಗೆ ಹೇಳಿದೆ. ಮೀನು ಮಾರುವ ಅಮ್ಮ ಇಡೀ ಮಾರ್ಕೆಟ್ಟಿಗೆ ಹೇಳಿದಳು.

ಆಟದ ಮಧ್ಯಾಹ್ನ, ನಾವು ಬಣ್ಣ ಹಚ್ಚಿಕೊಳ್ಳುವಲ್ಲಿಗೆ ಮೇಷ್ಟ್ರು ಬಂದರು.

"ಚೆಂಡೆ ಸುಧೀರ ಬಡೀಲಿ. ನೀ ಪರ್ದಿ ಹಿಂದ್ ಕೂಕಂಡ್ ಅವ್ನ ಬೆನ್ನಿಗೆ ತಾಳ ತಟ್ಟ್."

ಸುಧೀರ ಅವರ ಅಕ್ಕನ ಮಗ. ಏಳು ಎಂದರೆ ಅವನಿಗೆ ಜ್ವರ ಬರುತ್ತಿತ್ತು.

"ಚೆಂಡೆ ನಂದಲ್ದಾ?"

"ಹೆಣ್ ಹುಡ್ಗಿ ಚೆಂಡೆ ಬಡುದ್ ಕಾಂಬ್ಕೆ ಚಂದ ಇತ್ತಾ?"

ಪರದೆಯ ಸಂದಿಯಲ್ಲಿ ಕೈ ತೂರಿಸಿ ಅವನ ಬೆವರು ಬೆನ್ನಿನ ಮೇಲೆ ಆಟ ಮುಗಿಯುವ ತನಕ ತಟ್ಟಿದೆ. ತಪ್ಪಿಸಿಬಿಡೋಣ ಎಂಬ ಆಸೆಯೂ ಬಂತು. ಕೈ ಕೇಳಲಿಲ್ಲ, ಬಂದ ತಾಳ ಕೆಡಿಸಲು ಅದಕ್ಕೆ ಗೊತ್ತಿರಲಿಲ್ಲ. ಜನ ಸುಧೀರನಿಗೆ ಚಪ್ಪಾಳೆ ಹೊಡೆದರು.

ಆಟ ಮುಗಿದದ್ದೇ ಅಮ್ಮ ಬಂದಳು. ಹಿಂದೆ ಮಾರ್ಕೆಟ್ಟಿನ ಹೆಂಗಸರು, ಎಲ್ಲರ ತಲೆಯಲ್ಲೂ ಮಲ್ಲಿಗೆ.

"ನೀ ಎಲ್ಲಿದ್ದೆ ಹೆಣೆ?"

"ಹಿಂದೆ. ಸುಧೀರನ ಬೆನ್ನಿಗೆ ನಾನೇ ತಾಳ ಹಾಕದ್ದ್."

ಹೆಂಗಸರು ನಕ್ಕರು. ಅಮ್ಮ ಮೇಷ್ಟ್ರನ್ನು ಕೇಳಿದಳು, "ಹೌದಾ ಮೇಷ್ಟ್ರೆ?"

ಮೇಷ್ಟ್ರು ಶಾಲು ಸರಿಮಾಡಿಕೊಂಡರು. "ಪಾಪ, ಹುಡ್ಗಿಗೆ ಆಸೆ ಇತ್ತ್. ಪರ್ದಿ ಹಿಡುಕೆ ಕೂರ್ಸಿದ್ದೆ."

ಸುಧೀರ ಲಾಡು ತಿನ್ನುತ್ತ ನೆಲ ನೋಡಿದ. ಅಮ್ಮ ಎಲ್ಲರೆದುರು ನನ್ನ ಕೆನ್ನೆಗೆ ಬಾರಿಸಿದಳು. "ಊರಿಗೆಲ್ಲ ಹೇಳಿದ್ನಲೆ ನಾನ್! ಮರ್ಯಾದಿ ತೆಗ್ದೆ!" ಮನೆಗೆ ಬಂದು ಊಟದ ಬಟ್ಟಲು ಕವುಚಿ ಏಳನ್ನು ಬಾರಿಸಿ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ಕೇಳಿದಳು. "ಹೀಂಗೆ ಯಾರ್ ಬೇಕಾರೂ ಬಡೀತ್ರ್" ಎಂದು ಬಟ್ಟಲು ಕಿತ್ತುಕೊಂಡಳು. ಏಳು ಯಾವುದು, ಎಂಟು ಯಾವುದು ಎಂದು ಅವಳಿಗೆ ಹೇಳಿಕೊಟ್ಟವರು ಯಾರು? ಆ ಮಳೆಗಾಲದ ನಂತರ ನಾನು ಕೋಲು ಮುಟ್ಟಲಿಲ್ಲ.

ಈಗ ನಮ್ಮೂರಲ್ಲಿ ಹುಡುಗಿಯರೇ ಚೆಂಡೆ ಬಾರಿಸುತ್ತಾರೆ, ಯಾರ ಗೆಣ್ಣಿಗೂ ಏಟಿಲ್ಲ. ಸಂತೋಷವೇ, ಹೊಟ್ಟೆಯೂ ಉರಿಯುತ್ತದೆ. ನನ್ನ ಮಗಳೂ ಕಲಿಯುತ್ತಿದ್ದಾಳೆ. ಹೋದ ಮಳೆಗಾಲ ಮನೆಯಲ್ಲಿ ತ್ರಿವುಡೆ ಬಾರಿಸುತ್ತ ಎಂಟಕ್ಕೆ ಜಾರಿದಳು. ತೋರಿಸಿಕೊಡೋಣವೆಂದು ಕೋಲಿಗೆ ಕೈ ಚಾಚಿದೆ. ಬಾಗಿಲ ಬಳಿ ಕೂತಿದ್ದ ಅಮ್ಮ ಮೊಮ್ಮಗಳತ್ತ ನೋಡಿ ನಕ್ಕಳು.

"ನಿನ್ ಅಮ್ಮನ್ ಹತ್ರ ಎಂತ ಕೇಳ್ತೆ ಮಗಾ? ಅದ್ಕೆ ಬತ್ತಿಲ್ಲೆ. ಸಣ್ಣದಿದ್ದಾಗ ಬತ್ತ್ ಅಂದೇಳಿ ಸುಳ್ಳ್ ಹೇಳ್ತಿತ್ತ್."

ಮಗಳೂ ನಕ್ಕಳು. ಕೋಲು ನನಗೆ ಕೊಡದೆ, ತ್ರಿವುಡೆ ಹೇಗೆಂದು ಫೋನಿನಲ್ಲಿ ಹುಡುಕತೊಡಗಿದಳು.