ಲಾರಿ ಪಿಚ್ಚರಿನ ಅಕ್ಕ

ಹೊಳೆನರಸೀಪುರದಲ್ಲಿ ಪುಟ್ಟರಾಜುವಿನ ದನಿ ಕೇಳದ ಕಿವಿ ಇಲ್ಲ. ಪೋಲಿಯೋ ಹನಿಯಾಗಲಿ, ಎರಡು ದಿನ ನಲ್ಲಿ ನೀರು ಬರುವುದಿಲ್ಲವೆಂಬ ಸುದ್ದಿಯಾಗಲಿ, ಆಟೋಗೆ ಮೈಕ್ ಕಟ್ಟಿಕೊಂಡು ಊರೆಲ್ಲ ಸುತ್ತಿ ಸಾರುವವನು ಅವನೇ. ಮೈಕ್‌ಸೆಟ್ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ವಯಸ್ಸು ಅರವತ್ತೆರಡಾದರೂ ಗಂಟಲಿಗೆ ಇನ್ನೂ ವಯಸ್ಸಾಗಿಲ್ಲ. ಆ ಗಂಟಲು ಪಳಗಿದ್ದು ಆಟೋದಲ್ಲಲ್ಲ, ಶಿವಕುಮಾರನ ವಿಡಿಯೋ ಸೆಂಟರಿನಲ್ಲಿ ಎಂಬುದು ಮಾತ್ರ ಈಗಿನವರಿಗೆ ಗೊತ್ತಿಲ್ಲ.

ಎಂಬತ್ತರ ದಶಕದ ಮಾತು. ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮಹಡಿಯ ಮೇಲೆ ಒಂದು ಬಣ್ಣದ ಟಿವಿ, ಒಂದು ವಿಸಿಆರ್, ಕೂರಲು ಜಮಖಾನ. ಭಾನುವಾರ ಬೆಳಗಿನ ಬಸ್ಸಿನಲ್ಲಿ ಹಾಸನದಿಂದ ಇಂಗ್ಲಿಷ್ ಪಿಚ್ಚರಿನ ಕ್ಯಾಸೆಟ್ ಬರುತ್ತಿತ್ತು. ಹೊಡೆದಾಟಕ್ಕೇನೋ ಭಾಷೆ ಬೇಕಿಲ್ಲ. ಆದರೆ ನಡುವೆ ಆ ದೊರೆಗಳು ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರ ಹಾಗೆ ಮಾತಿಗೆ ನಿಂತರೆ ಜನ ಬೀಡಿ ಸೇದಲು ಎದ್ದು ಹೋಗುತ್ತಿದ್ದರು. ಅದಕ್ಕೇ ಶಿವಕುಮಾರ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಮಾತ್ರ ಪಾಸಾಗಿದ್ದ ಪುಟ್ಟರಾಜುವಿನ ಕೈಗೊಂದು ಬೆತ್ತ ಕೊಟ್ಟು, ಕಥೆ ಹೇಳಲು ಟಿವಿ ಪಕ್ಕದಲ್ಲಿ ನಿಲ್ಲಿಸಿದ. ತಾನು ಪಾಸಾದ ಇಂಗ್ಲಿಷ್ ಬೇರೆ, ಟಿವಿಯೊಳಗಿನದೇ ಬೇರೆ ಎಂದು ಅವನಿಗೆ ಮೊದಲ ದಿನವೇ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಬಾಯಿಗೆ ಬಂದದ್ದನ್ನು ಸೇರಿಸಿ ಹೇಳಿದ, ಊರು ಒಪ್ಪಿತು. ಪಿಚ್ಚರುಗಳ ಹೆಸರೂ ಯಾರಿಗೂ ಬೇಕಿರಲಿಲ್ಲ. ಲಾರಿ ಪಿಚ್ಚರ್, ಹೆಲಿಕಾಪ್ಟರ್ ಪಿಚ್ಚರ್, ಹಡಗಿನ ಪಿಚ್ಚರ್, ಅಷ್ಟೇ.

ಅವನ ಅಕ್ಕ ಮುದ್ದಮ್ಮ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಐದನೇ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಕಳೆದುಕೊಂಡವಳು. ಕಣ್ಣಿಲ್ಲದವಳಿಗೆ ಪಿಚ್ಚರ್ ಯಾಕೆ ಎಂದು ನಕ್ಕವರೂ ಇದ್ದರು, ಅವರ ಬಾಯಿಗೆ ಮಣ್ಣು ಬೀಳಲಿ. ತಮ್ಮ ಅವಳ ಕೈಹಿಡಿದು ತಂದು ತನ್ನ ಕಾಲ ಬುಡದಲ್ಲೇ ಕೂರಿಸುತ್ತಿದ್ದ. ಮೊದಲ ಸಲ ಪಿಚ್ಚರ್ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಅವಳು ಕೇಳಿದ್ದಳು:

“ಅಲ್ಲ ಕಣ್ಲಾ ಪುಟ್ಟ, ಆ ದೇಸದಾಗೆ ಅಷ್ಟೊಂದು ಜನ ಅವ್ರಲ್ಲ, ನನ್ನಂತೋಳು ಒಬ್ಳೂ ಇಲ್ವಾ?”

ಅವತ್ತು ಅವನಿಗೆ ಊಟ ಸೇರಲಿಲ್ಲ. ಮುಂದಿನ ಭಾನುವಾರ ಬಂದದ್ದು ಲಾರಿ ಪಿಚ್ಚರ್. ಹಿಮದ ಬೆಟ್ಟ ಹತ್ತಿ ಔಷಧಿ ಸಾಗಿಸುವ ಡ್ರೈವರನ ಕಥೆ. ಅವನು ಸ್ಟೇರಿಂಗ್ ಮುಂದೆ ಒಂದು ಫೋಟೋ ಸಿಕ್ಕಿಸಿಕೊಂಡು ಆಗಾಗ ಅದನ್ನು ಮುಟ್ಟಿ ಮಾತಾಡುತ್ತಿದ್ದ. ಸವೆದ ಕ್ಯಾಸೆಟ್ಟು, ಪರದೆಯ ತುಂಬ ಗೀರು. ಫೋಟೋ ಯಾರದೆಂದು ಯಾರಿಗೂ ಕಾಣುವಂತಿರಲಿಲ್ಲ. ಪುಟ್ಟರಾಜು ಅದರ ಮೇಲೆ ಬೆತ್ತ ಇಟ್ಟುಬಿಟ್ಟ.

“ನೋಡ್ರಪ್ಪಾ, ಇದು ಅವನ ಅಕ್ಕ. ಕಣ್ಣು ಕಾಣಕಿಲ್ಲ. ಬುಟ್ಟಿ ಎಣೆದು ಎಣೆದು ತಮ್ಮನ್ನ ಸಾಕವ್ಳೆ. ಅವ್ಳನ್ನ ಕೇಳ್ದೆ ಇವ್ನು ಗೇರ್ ಆಕಕಿಲ್ಲ.”

ಅಲ್ಲಿಂದ ಮುಂದೆ ಎಲ್ಲ ಪಿಚ್ಚರಿನಲ್ಲೂ ಹೀರೋಗೊಬ್ಬಳು ಅಕ್ಕ. “ಎಲ್ಲಪ್ಪಾ, ಕಾಣಿಸ್ತಾನೇ ಇಲ್ಲ?” ಎಂದು ಯಾರಾದರೂ ಕೇಳಿದರೆ, “ಮನೇಲವ್ಳೆ, ಎಲ್ಲಾನೂ ತೋರಿಸ್ತಾರಾ?” ಎಂದು ಬಾಯಿ ಮುಚ್ಚಿಸುತ್ತಿದ್ದ.

ಲಾರಿ ಪಿಚ್ಚರ್ ಕೇಳಿದ ಮಾರನೇ ಬೆಳಿಗ್ಗೆ ಮುದ್ದಮ್ಮ ಹಿತ್ತಲಿನಿಂದ ತೆಂಗಿನ ಗರಿ ಎಳೆದು ತಂದು ಕೂತಳು. ಕಡ್ಡಿ ಸೀಳುವಾಗ ಬೆರಳು ಕೊಯ್ದುಕೊಂಡಳು, ಬಿಡಲಿಲ್ಲ. ಅವ್ವ ಗದರಿದರೆ, “ಆ ದೇಸದ ಅಕ್ಕ ಬುಟ್ಟಿ ಎಣೀತಾಳಂತೆ, ನಂಗೆ ಪೊರಕೆ ಕಟ್ಟಕಾಗಕಿಲ್ವಾ?” ಅಂದಳು. ಈಗ ಅವಳಿಗೆ ಎಪ್ಪತ್ತೊಂದು. ಪೇಟೆಯ ಅರ್ಧ ಅಂಗಡಿಗಳ ಬಾಗಿಲು ಗುಡಿಸುವುದು ಅವಳ ಪೊರಕೆಯೇ, ತಮ್ಮನ ಮನೆಯಲ್ಲೂ ಅವಳು ಯಾರ ಹಂಗಿನಲ್ಲೂ ಇಲ್ಲ. ಕೈ ಸೋತ ದಿನ ಮಾತ್ರ, “ಆ ಲಾರಿಯೋನ ಅಕ್ಕಂಗೂ ಇಂಗೇ ನೋಯ್ತಿತ್ತೇನೋ” ಎನ್ನುತ್ತಾಳೆ. ಆಗೆಲ್ಲ ಪುಟ್ಟರಾಜುವಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತದೆ.

ಹಾಸನದ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಭವ್ಯಶ್ರೀ ಮೊನ್ನೆ ಭಾನುವಾರ ಬಂದವಳೇ ಟಿವಿ ಮುಂದೆ ಕೂತು ಕೂಗಿದಳು: “ಅತ್ತೇ, ನಿಮ್ಮ ಲಾರಿ ಪಿಚ್ಚರ್ ಸಿಕ್ತು! ಹಿಮ, ಲಾರಿ, ಔಷಧಿ ಅಂತ ಹುಡುಕಿದೆ, ಬಂತು. ಈಗ ಎಲ್ಲಾ ಕನ್ನಡದಲ್ಲೇ ಮಾತಾಡ್ತಾರೆ!”

ಪುಟ್ಟರಾಜು ಟಿವಿಯ ಸ್ವಿಚ್ಚಿಗೆ ಕೈ ಚಾಚಿದ. “ಇವತ್ತು ಕರೆಂಟ್ ತೆಗೀತಾರೆ” ಎಂದ.

“ಬುಧವಾರ ಅಂತ ನೀನೇ ನೆನ್ನೆ ಮೈಕ್ನಾಗೆ ಕೂಗ್ಕೊಂಡ್ಯಲ್ಲಾ” ಎಂದು ಮುದ್ದಮ್ಮ ಪೊರಕೆಯ ಕಡ್ಡಿಗಳನ್ನು ಮಡಿಲಿಗೆ ಹಾಕಿಕೊಂಡು ಟಿವಿ ಹತ್ತಿರ ಬಂದು ಕೂತಳು.

ಪಿಚ್ಚರ್ ಶುರುವಾಗಿ ಎಂಜಿನ್ ಗುರುಗುಟ್ಟಿದ್ದೇ ತಡ, ಅವನಿಗೆ ಹೆದರಿಕೆಯೂ ಮರೆತುಹೋಯಿತು. ಯೂರಿಯಾ ಮೂಟೆಯ ಘಾಟು, ವಿಸಿಆರ್ ತಲೆಯ ಮೇಲೆ ಶಿವಕುಮಾರ ಕೊಡುತ್ತಿದ್ದ ಏಟು, ಹಿಂದಿನ ಸಾಲಿನ ಸಿಳ್ಳೆ, ಎಲ್ಲ ಎದ್ದು ಬಂದವು. ಅಂದು ಆಕಾಶಕ್ಕೆ ಮುಟ್ಟುತ್ತಿದ್ದ ಬೆಟ್ಟ ಈಗ ಇಷ್ಟೇನಾ ಅನ್ನಿಸಿತು, ಹಿಮವೂ ಹತ್ತಿಯ ಹಾಗೆ ಕಂಡಿತು. ಆದರೂ ಲಾರಿ ಜಾರಿದಾಗ ಅವನ ಬಲಗಾಲು ತಾನಾಗಿ ಬ್ರೇಕ್ ಒತ್ತಿತು. ಎಷ್ಟು ಚೆಂದದ ದಿನಗಳು ಅವು!

ಆಮೇಲೆ ಫೋಟೋ ಬಂತು. ದೊಡ್ಡ ಪರದೆಯ ಮೇಲೆ ಕನ್ನಡಿಯಷ್ಟು ಸ್ಪಷ್ಟವಾಗಿ ಒಂದು ಕುದುರೆ. ಡ್ರೈವರ್ ಪುಸ್ತಕದ ಕನ್ನಡದಲ್ಲಿ ಹೇಳಿದ: “ಗೆಳೆಯಾ, ನೀನು ಸತ್ತ ಮೇಲೆ ನಿನ್ನಂಥ ಕುದುರೆ ನನಗೆ ಮತ್ತೆ ಸಿಗಲಿಲ್ಲ.”

ಮುದ್ದಮ್ಮನ ಕೈ ನಿಂತಿತು. ಕೊನೆಯವರೆಗೂ ಕಾದಳು. ಲಾರಿ ಊರು ಮುಟ್ಟಿ, ಔಷಧಿ ಇಳಿದು, ಸಂಗೀತವೂ ನಿಂತ ಮೇಲೆ ಕೇಳಿದಳು: “ಅಕ್ಕ ಎಲ್ಲಿ?”

“ಇದರಲ್ಲಿ ಅಕ್ಕ ಯಾರೂ ಇಲ್ವಲ್ಲ ಅತ್ತೆ” ಎಂದಳು ಭವ್ಯಶ್ರೀ.

“ನೀನು ಬೇರೆ ಪಿಚ್ಚರ್ ಆಕಿದ್ದೀಯ ಮಗಾ.”

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಪುಟ್ಟರಾಜುವಿನ ನಾಲಿಗೆ ತುದಿಯಲ್ಲೇ ಇತ್ತು ಆ ಮಾತು. ಆದರೆ ಪೊರಕೆ ಕಟ್ಟಿ ಕಟ್ಟಿ ಕಾಯಿಕಟ್ಟಿದ ಆ ಬೆರಳುಗಳನ್ನು ನೋಡಿದವನಿಗೆ ಇನ್ನೊಂದು ಸುಳ್ಳು ಹೇಳುವ ಮನಸ್ಸು ಬರಲಿಲ್ಲ.

“ಅದೇ ಪಿಚ್ಚರ್ ಕಣಕ್ಕ. ಅಕ್ಕ ಇರ್ನಿಲ್ಲ. ನಾನೇ ಸೇರಿಸ್ದೆ.”

“ಕುದ್ರೆ ಜಾಗದಾಗೆ ನನ್ನ ಕೂರಿಸ್ದ್ಯಾ?”

“ಕುದ್ರೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು.”

ಭವ್ಯಶ್ರೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮುದ್ದಮ್ಮ ನಗಲಿಲ್ಲ.

“ಎಲಿಕಾಪ್ಟರ್ ಪಿಚ್ಚರ್ನಾಗೆ ರೇಡಿಯೋದಾಗೆ ತಮ್ಮಂಗೆ ದಾರಿ ಯೋಳ್ತಿದ್ಲಲ್ಲ, ಅವ್ಳು?”

“ಅವ್ಳೂ ಇರ್ನಿಲ್ಲ.”

“ಅಡಗಿನ ಪಿಚ್ಚರ್ನೋಳು?”

“ಒಂದ್ರಾಗೂ ಇರ್ನಿಲ್ಲ ಕಣಕ್ಕ. ತಪ್ಪಾಯ್ತು.”

ಮುದ್ದಮ್ಮ ಮಡಿಲಿನ ಕಡ್ಡಿಗಳನ್ನು ಸವರಿದಳು. ಆಮೇಲೆ ಅರ್ಧ ಕಟ್ಟಿದ್ದ ಪೊರಕೆಯ ದಾರವನ್ನು ಎಳೆದು ಗಂಟು ಬಿಗಿದಳು.

“ಅಂಗಾರೆ, ಆ ದೇಸದಾಗೆ ಯಾರೂ ಮಾಡ್ದೇ ಇರದ್ನ ನಾನೇ ಮಾಡಿವ್ನಿ ಅನ್ನು.”

ಪುಟ್ಟರಾಜುವಿಗೆ ಅಳು ತಡೆಯಲಾಗಲಿಲ್ಲ.

“ಮಗಾ, ಅದ್ರ ಬಾಯಿ ಮುಚ್ಚಿ ಮೊದ್ಲಿಂದ ಆಕು” ಎಂದಳು ಮುದ್ದಮ್ಮ. “ನಿಮ್ಮಪ್ಪ ಯೋಳ್ತಾನೆ.”

ಭವ್ಯಶ್ರೀ ಟಿವಿಯ ಸದ್ದು ತೆಗೆದಳು. ಪುಟ್ಟರಾಜು ಕಣ್ಣೊರೆಸಿಕೊಂಡು ಎದ್ದ. ಅಕ್ಕನ ಮಡಿಲಿನಿಂದ ಒಂದು ಕಡ್ಡಿ ಹಿರಿದುಕೊಂಡು ಟಿವಿ ಪಕ್ಕ ನಿಂತು, ಫೋಟೋ ಬರುವವರೆಗೆ ಕಾದು, ಕುದುರೆಯ ಮೂತಿಯ ಮೇಲೆ ಕಡ್ಡಿ ಇಟ್ಟ.

“ನೋಡ್ರಪ್ಪಾ, ಇದು ಅವನ ಅಕ್ಕ. ಪೊರಕೆ ಕಟ್ಟಿ ಕಟ್ಟಿ ತಮ್ಮನ್ನ ಸಾಕವ್ಳೆ.”