ಸಿಂಧನೂರಿನ ಮೂಲಪುರುಷ

ಸಿಂಧನೂರಿನ ಗೊಬ್ಬರದಂಗಡಿ ಕರಿಬಸಪ್ಪನಿಗೆ ಅರವತ್ತು ದಾಟಿದ ಮೇಲೆ ಸಂಸ್ಕೃತಿಯ ಹುಚ್ಚು ಹಿಡಿಯಿತು. ಯೂರಿಯಾ ಮಾರಿ ಬೇಸತ್ತವರು ತೀರ್ಥಯಾತ್ರೆಗೆ ಹೋಗುವುದುಂಟು. ಈತ ಎಲ್ಲೂ ಹೋಗಲಿಲ್ಲ. ಕೂತಲ್ಲೇ ಊರಿಗೆ ಹಿರಿಯನಾದ. ಹೆಗಲ ಮೇಲೊಂದು ಶಲ್ಯ ಬಂತು, ಮಾತು ಮಾತಿಗೂ 'ನಾವು ಮೂಲದವರು' ಎಂಬುದು ಬಂತು. ಹೆಂಡತಿ ಪಂಪಮ್ಮ ಇದನ್ನೆಲ್ಲ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ದಢೇಸುಗೂರಿನ ರೈತರ ಮನೆಯ ಮಗಳು ಆಕೆ. ಗಂಡನ ಬಡಾಯಿ ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು.

ಅಂಥ ಹೊತ್ತಿನಲ್ಲಿ ಲಿಂಗಸುಗೂರಿನ ಭಾರತಿ ಬಂದಳು. ಮಾನವಶಾಸ್ತ್ರ ಓದಿದವಳು. ಸಿಂಧನೂರಿನ ಪರಂಪರೆ ಯಾವುದು, ಇಲ್ಲಿನ ಜನ ತಮ್ಮನ್ನು ಯಾರೆಂದು ಹೇಳಿಕೊಳ್ಳುತ್ತಾರೆ ಎಂಬುದು ಅವಳ ಸಂಶೋಧನೆ. ಒಂದು ಮನೆತನದ ಕಥೆಯನ್ನು ಪೂರ್ತಿಯಾಗಿ ಬರೆಯಬೇಕು, ಅದು ಪುಸ್ತಕವಾಗುತ್ತದೆ ಎಂದಳು. ಕರಿಬಸಪ್ಪನಿಗೆ ನಿದ್ದೆ ಹಾರಿತು. ಆ ಮನೆತನ ತನ್ನದೇ ಆಗಬೇಕು. ಅಂಗಡಿಯನ್ನು ಆಳುಗಳಿಗೆ ಬಿಟ್ಟು ಅವಳ ಹಿಂದೆ ತಿರುಗತೊಡಗಿದ.

ತಿರುಗಿ ಮಾಡಿದ್ದೇನು? ಊರಿನ ಒಬ್ಬೊಬ್ಬರನ್ನೇ ಪುಸ್ತಕದಿಂದ ಹೊರಗಟ್ಟಿದ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿಗಳ ದುರ್ಗಾಪೂಜೆ ನೋಡಬೇಕೆಂದರೆ, "ನಿನ್ನಿ ಮೊನ್ನಿ ಬಂದೋರ್ರಿ ಅವರು, ಬಿಡ್ರಿ" ಎಂದ. ಕಾಲುವೆ ನೀರು ಬಂದ ಮೇಲೆ ಭತ್ತ ಬೆಳೆಯಲು ಬಂದ ಆಂಧ್ರದವರ ಮಾತೆತ್ತಿದರೆ, "ಅವರದೇನ್ ಸಂಸ್ಕೃತಿ, ಬರೇ ದುಡಿಮಿ" ಎಂದ. ಅವರ ಭತ್ತಕ್ಕೆ ಗೊಬ್ಬರ ಮಾರಿಯೇ ತನ್ನ ಮಹಡಿ ಮನೆ ಎದ್ದದ್ದು ಎಂಬುದನ್ನು ಮಾತ್ರ ನುಂಗಿಕೊಂಡ. ಮೊಹರಮ್ಮಿನ ಅಲಾಯಿ ಕುಣಿತದ ಬಗ್ಗೆ ಕೇಳಿದಾಗ ಮುಖ ಸಿಂಡರಿಸಿದ.

"ಅದು ಸಾಬರದ್ರಿ. ನಮ್ಮ ಮನ್ಯಾಗ ಅದರ ಗಾಳಿ ಸೈತ ಸುಳಿದಿಲ್ಲ."

ಒಳಗೆ ಪಂಪಮ್ಮನ ಕೈಯ ಲಟ್ಟಣಿಗೆ ನಿಂತಿತು. ಅತ್ತೆಯ ಬಾಯಿಂದಲೇ ಅವಳು ಕೇಳಿದ್ದಳು. ಹುಟ್ಟಿದ ಕೂಸುಗಳೆಲ್ಲ ತೊಟ್ಟಿಲಲ್ಲೇ ಸತ್ತು ಹೋಗುತ್ತಿದ್ದಾಗ ಅತ್ತೆ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದಳು. ಆ ಮೇಲೆ ಉಳಿದ ಕೂಸೇ ಈ ಮಹಾನುಭಾವ. ಅವನಿಗೆ ಆ ದೇವರ ಹೆಸರನ್ನೇ ಇಟ್ಟು, ಪ್ರತಿ ಮೊಹರಮ್ಮಿಗೂ ಕೊರಳಿಗೆ ಕೆಂಪು ಲಾಡಿ ಹಾಕಿ ಫಕೀರನನ್ನಾಗಿ ಮಾಡುತ್ತಿದ್ದರು. ಕರಿಬಸಪ್ಪ ಎಂಬುದು ಶಾಲೆಗೆ ಸೇರಿಸುವಾಗ ಇಟ್ಟ ಹೆಸರು. ತನ್ನನ್ನು ಉಳಿಸಿದ ದೇವರನ್ನೇ ಈ ಮನುಷ್ಯ ಕಾಲಿನಿಂದ ಒದೆಯುತ್ತಿದ್ದಾನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಆದರೂ ಮನೆಯ ಮರ್ಯಾದೆ ಎಂದು ಸುಮ್ಮನಿದ್ದಳು.

ಕಡೆಗೂ ಭಾರತಿ ಅವನ ಮನೆತನವನ್ನೇ ಬರೆಯಲು ಒಪ್ಪಿ, ಫೋಟೊ ತೆಗೆಯಲು ಬಂದಳು. ಕರಿಬಸಪ್ಪ ಹಣೆತುಂಬ ವಿಭೂತಿ ಬಳಿದು ಪಡಸಾಲೆಯಲ್ಲಿ ಕೂತ. ಮೊಹರಂ ಹತ್ತಿರ ಬಂದಿತ್ತು. ಹಿಂದಿನ ಓಣಿಯ ಶಂಶಾದ್‌ಬೀ ವರ್ಷವರ್ಷವೂ ಹಿತ್ತಲ ಬಾಗಿಲಿಗೆ ಬಂದು ಪಂಪಮ್ಮನ ಕೈಗೆ ಚೊಂಗೆ ಕೊಟ್ಟು ಹೋಗುತ್ತಿದ್ದಳು. ಅಂದು ಮುಂಬಾಗಿಲು ತೆರೆದದ್ದು ಕಂಡು, ಆ ಸಿಹಿರೊಟ್ಟಿಯ ಗಂಟು ಹಿಡಿದು ಅಲ್ಲಿಗೇ ಬಂದಳು.

"ಹುಸೇನಪ್ಪಾ, ಆರಾಮ ಇದ್ದೀಯೇನಪಾ?" ಎಂದಳು ಮುದುಕಿ.

ಭಾರತಿ ಕ್ಯಾಮೆರಾ ಇಳಿಸಿದಳು. ಕರಿಬಸಪ್ಪನ ಮುಖ ಕಪ್ಪಿಟ್ಟಿತು.

"ಯಾರೋ ಏನೋ, ತಲಿ ಸರಿ ಇಲ್ರಿ. ಭಿಕ್ಷೆ ಬೇಡಾಕ ಬಂದಾಳ. ಲೇ ಪಂಪಾ, ಒಂದು ಹಿಡಿ ಜ್ವಾಳ ಹಾಕಿ ಸಾಗಹಾಕು."

ಶಂಶಾದ್‌ಬೀ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿದಳು. ಅಷ್ಟರಲ್ಲಿ ಪಂಪಮ್ಮ ಹೊರಗೆ ಬಂದು ಅವಳ ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು.

"ಅಮ್ಮಾರ, ಹುಸೇನಪ್ಪ ಅಂದ್ರ ಯಾರ್ರೀ?" ಎಂದಳು ಭಾರತಿ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಪಂಪಮ್ಮನ ಕಡೆಯ ಹೆಣ್ಣುಮಕ್ಕಳಲ್ಲಿ ಇಲ್ಲ. ಯಾರು ಕೇಳಿದರೂ 'ನಮ್ಮ ಮನ್ಯಾರು' ಎಂದಷ್ಟೇ ಹೇಳಿಕೊಂಡು ಮುದುಕಿಯಾಗಿದ್ದಳು ಆಕೆ. ಕರಿಬಸಪ್ಪ ಕಣ್ಣು ಕೆಂಪಗೆ ಮಾಡಿ ನೋಡಿದ. ಅವಳು ಅವನತ್ತ ತಿರುಗಲಿಲ್ಲ.

"ಹುಸೇನಪ್ಪ ಅಂದ್ರ ಇಂವನ ನೋಡವ್ವ," ಎಂದಳು. "ಈ ಅವ್ವನ ಕಂಕುಳಾಗ ಕುಂತು, ಓಣ್ಯಾಗ ಮನಿಮನಿ ಫಕೀರನ ಭಿಕ್ಷೆ ಬೇಡಿ ಜೀವ ಉಳಿಸಿಕೊಂಡಾನ. ಬರಕೋ."